ಆಸ್ಪತ್ರೆ ಪುಸ್ತಕದ ಮೂರನೇ ಸಾಲು

ನನ್ನ ಅಕ್ಷರ ಮುತ್ತಿನ ಹಾಗಿದೆ ಅಂತ ಯಾರಾದರೂ ಹೊಗಳಿದರೆ ನನಗೆ ಈಗಲೂ ಮೈ ಉರಿಯುತ್ತೆ. ಹೊಗಳಿದವರ ತಪ್ಪೇನಿಲ್ಲ, ಪಾಪ. ಹದಿನಾರನೇ ವಯಸ್ಸಿನಲ್ಲಿ ಆ ಅಕ್ಷರದಲ್ಲಿ ನಾನು ಬರೆದುಕೊಟ್ಟ ಒಂದು ಕಾಗದ ಇದೆಯಲ್ಲ, ಅದು ಅವರಿಗೆ ಗೊತ್ತಿಲ್ಲ.

ಅಪ್ಪ ಕೆಜಿಎಫ್‌ನ ಒಂದು ಸರ್ಕಾರಿ ಕಚೇರಿಯಲ್ಲಿ ಉಗ್ರಾಣದ ಅಟೆಂಡರ್. ಯಾವ ಕಚೇರಿ ಅಂತ ಕೇಳಬೇಡಿ, ಹೆಸರು ಎತ್ತಿದರೆ ನನ್ನ ಬಾಯಿ ಸುಮ್ಮನಿರಲ್ಲ. ಚಾಂಪಿಯನ್ ರೀಫ್ಸ್ ಕಡೆ ನಮಗೊಂದು ಕ್ವಾರ್ಟರ್ಸ್ ಕೊಟ್ಟಿದ್ದರು. ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಗಾಳಿ ಎದ್ದರೆ ಗಣಿಯ ದಿಬ್ಬದ ಬಿಳೀ ಧೂಳು ಅನ್ನದ ತಟ್ಟೆಗೇ ಬರೋದು. ಆ ಸಾಲಿನ ಮನೆಗಳಲ್ಲಿ ರೇಷನ್ ಕಾರ್ಡಿಗಿಂತ ಹೆಚ್ಚು ಮರ್ಯಾದೆ ಇದ್ದದ್ದು ಆಸ್ಪತ್ರೆ ಪುಸ್ತಕಕ್ಕೆ. ಕಂದು ರಟ್ಟಿನ ಪುಸ್ತಕ. ಮೊದಲ ಪುಟದಲ್ಲಿ ನೌಕರನ ಹೆಸರು, ಕೆಳಗೆ ಅವನನ್ನು ನೆಚ್ಚಿಕೊಂಡವರ ಹೆಸರು, ಎದುರಿಗೆ ಸಂಬಂಧ. ಅದನ್ನು ಆಸ್ಪತ್ರೆ ಕಿಟಕಿಯಲ್ಲಿ ತೋರಿಸಿದರೆ ಡಾಕ್ಟರು, ಮಾತ್ರೆ, ಇಂಜೆಕ್ಷನ್, ಬೇಕಾದರೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಚೀಟಿ, ಎಲ್ಲಾ ಸಿಗೋದು. ರಿಟೈರ್ ಆದ ಮೇಲೂ ಗಂಡ ಹೆಂಡತಿಗೆ ಅದು ನಡೀತಿತ್ತು. ಗಂಡ ಹೋದರೂ ಹೆಂಡತಿಗೆ ಕುಟುಂಬ ಪೆನ್ಷನ್ನೂ ಪುಸ್ತಕವೂ ಉಳೀತಿತ್ತು. ಸರ್ಕಾರಿ ಕೆಲಸ ಅಂದರೆ ಜನಕ್ಕೆ ಇದ್ದದ್ದು ಅದೇ ಧೈರ್ಯ.

ನಮ್ಮ ಪುಸ್ತಕದಲ್ಲಿ ಮೊದಲನೇ ಸಾಲು ಅಪ್ಪ. ಎರಡನೇದು ಅಜ್ಜಿ, ಅಪ್ಪನ ತಾಯಿ. ಮೂರನೇ ಸಾಲು ಅಮ್ಮ. ಅಮ್ಮನ ಹೆಸರಿನ ಎದುರಿಗೆ, ಸಂಬಂಧ ಅನ್ನೋ ಜಾಗದಲ್ಲಿ, 'ಅಕ್ಕನ ಮಗಳು' ಅಂತ ಬರೆದಿತ್ತು. ಅದರ ಕೆಳಗೆ ನಾವು ಮೂರು ಮಕ್ಕಳು, ನಾನು, ತಂಗಿ, ತಮ್ಮ.

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬೂದಿಕೋಟೆ ಹತ್ತಿರದ ನಮ್ಮೂರಲ್ಲಿ ಅಪ್ಪನ ಅಕ್ಕ ಬಾಣಂತನದಲ್ಲಿ ಹೋದಾಗ ಅವಳ ಎಂಟು ವರ್ಷದ ಮಗಳನ್ನು ಅಜ್ಜಿ ತನ್ನ ಮನೆಗೆ ಕರೆತಂದಳು. ಅಪ್ಪನಿಗೆ ಕೆಲಸ ಸಿಕ್ಕಾಗ ತಾಯಿಯ ಜೊತೆ ಆ ಹುಡುಗಿಯೂ ಕೆಜಿಎಫ್‌ಗೆ ಬಂದಳು. ಕೀಲುಜ್ವರ ಬಂದು ಅವಳ ಎದೆಯ ಕವಾಟ ಕೆಟ್ಟಿತ್ತು. ಮೂರು ವಾರಕ್ಕೊಂದು ಇಂಜೆಕ್ಷನ್ ಬೀಳಲೇಬೇಕು. ಅಪ್ಪ ಮೇಲಿನವರ ಕೈಕಾಲು ಹಿಡಿದು ಅವಳ ಹೆಸರನ್ನೂ ಪುಸ್ತಕಕ್ಕೆ ಸೇರಿಸಿದ. ಅವಳಿಗೆ ಹದಿನೆಂಟಾದಾಗ ಅಪ್ಪನೇ ಅವಳನ್ನು ಮದುವೆಯಾದ. ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮ ಮಾಡಿಕೊಳ್ಳೋದು ಎಷ್ಟು ಸಹಜ ಅಂದರೆ, ಮಾಡಿಕೊಳ್ಳದಿದ್ದರೆ ಯಾಕೆ ಅಂತ ಕೇಳೋರು. ಊರಲ್ಲಿ ಮನೆ ಮುಂದೆ ಚಪ್ಪರ ಹಾಕಿ ತಾಳಿ ಕಟ್ಟಿಸಿದರು. ಅಜ್ಜಿ ಮನೆದೇವರ ಹೆಸರನ್ನು ಸೊಸೆಗೆ ಇಟ್ಟಳು. ಆ ಹೊಸ ಹೆಸರಿಂದ ಅಮ್ಮನನ್ನು ಒಬ್ಬರೂ ಕರೆಯಲಿಲ್ಲ. ಫೋಟೋ ತೆಗೆಸಲಿಲ್ಲ, ಲಗ್ನಪತ್ರಿಕೆ ಹಾಕಿಸಲಿಲ್ಲ.

ಹಾಗಾದರೆ ಪುಸ್ತಕ ಯಾಕೆ ತಿದ್ದಿಸಲಿಲ್ಲ? ಈ ಪ್ರಶ್ನೆಯನ್ನು ಆಮೇಲೆ ನಮಗೆ ಎಷ್ಟು ಜನ ಕೇಳಿದರೋ ಲೆಕ್ಕವಿಲ್ಲ. ತಿದ್ದೋಕೆ ಕೊಟ್ಟರೆ ಪುಸ್ತಕ ಮದರಾಸಿನ ಮೇಲಿನ ಕಚೇರಿಗೆ ಹೋಗಿಬರಬೇಕು. ನಾಲ್ಕು ತಿಂಗಳೋ, ಆರು ತಿಂಗಳೋ. ಅಲ್ಲಿವರೆಗೆ ಇಂಜೆಕ್ಷನ್ ಯಾರು ಕೊಡ್ತಾರೆ? "ಅಕ್ಕನ್ ಮಗ್ಳೂ ಅವ್ಳೇ, ಎಂಡ್ತೀನೂ ಅವ್ಳೇ. ಔಸ್ದಿ ಸಿಗ್ತೈತಲ್ಲ, ಸುಮ್ನೆ ಯಾಕ್ ಕೆದಕೋದು?" ಅನ್ನೋನು ಅಪ್ಪ. ಮನೆಯ ನೂರು ಕೆಲಸ ಮುಂದೂಡಿದ ಮನುಷ್ಯ ಅವನು, ಒಪ್ಪಿಕೊಳ್ತೀನಿ. ಆದರೆ ಇದೊಂದನ್ನು ಸೋಮಾರಿತನದಿಂದ ಬಿಡಲಿಲ್ಲ. ಅವಳಿಗೆ ಒಂದು ಸೂಜಿಯೂ ತಪ್ಪಬಾರದು ಅಂತ ಬಿಟ್ಟ.

ನಾನು ಎಸ್ಸೆಸ್ಸೆಲ್ಸಿ ಓದುವ ವರ್ಷ ಆಸ್ಪತ್ರೆಯ ಡಾಕ್ಟರು ಅಮ್ಮನ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಕವಾಟ ಬಿಗಿದುಕೊಂಡಿದೆ, ಬೆಂಗಳೂರಲ್ಲಿ ಆಪರೇಷನ್ ಮಾಡಿ ಬಿಡಿಸಬೇಕು, ವರ್ಷದೊಳಗೆ ಆದರೆ ಒಳ್ಳೇದು, ಚೀಟಿ ನಾನು ಕೊಡ್ತೀನಿ ಅಂದರು. ಮಗಳ ಪರೀಕ್ಷೆ ಮುಗೀಲಿ ಅಂದ ಅಪ್ಪ. ಪರೀಕ್ಷೆಗೆ ಇಪ್ಪತ್ತು ದಿನ ಇರುವಾಗ ಉಗ್ರಾಣದ ಕಪಾಟುಗಳ ನಡುವೆ ಕುಸಿದುಬಿದ್ದ, ಏಳಲಿಲ್ಲ. ಎದೆ ಕೆಟ್ಟದ್ದು ಅಮ್ಮನದು, ಎದೆ ಒಡೆದು ಸತ್ತವನು ಅಪ್ಪ. ಅಜ್ಜಿ ಅದಕ್ಕೂ ಮೊದಲೇ ಹೋಗಿದ್ದಳು. ಪುಣ್ಯವಂತೆ.

ತಿಥಿ ಮುಗಿದ ಮೇಲೆ ನಾನೂ ಅಮ್ಮನೂ ಇಂಜೆಕ್ಷನ್ನಿಗೆ ಹೋದೆವು. ಕಿಟಕಿಯಲ್ಲಿದ್ದ ತಮಿಳಿನವರು ನಮ್ಮನ್ನು ವರ್ಷಗಟ್ಟಲೆ ನೋಡಿದವರು. ಪುಸ್ತಕ ತಗೊಂಡರು, ವಾಪಸ್ ಕೊಡಲಿಲ್ಲ. "ನೌಕರ್ದಾರ ಹೋಗ್ಬಿಟ್ಟಾರಲ್ಲಮ್ಮಾ, ಪುಸ್ತಕ ಮುಗೀತು. ಸಂಸಾರಕ್ಕೆ ಹೊಸದು ಆಫೀಸಲ್ಲಿ ಕೊಡ್ತಾರೆ, ಹೋಗಮ್ಮಾ," ಅಂದರು. ಅವರ ಕಣ್ಣಲ್ಲಿ ನೀರಿತ್ತು. ಆದರೂ ರದ್ದು ಅಂತ ಮುದ್ರೆ ಒತ್ತಿದರು.

ಕಚೇರಿಯಲ್ಲಿ ಸಾಹೇಬರು ಉತ್ತರದ ಕಡೆಯವರು, ಹೊಸಬರು. ಮಾತು ತಿಳಿಸೋಕೆ ಪಕ್ಕದಲ್ಲಿ ಧಾರವಾಡ ಕಡೆಯ ಗುಮಾಸ್ತರೊಬ್ಬರು ನಿಂತಿದ್ದರು. ಸಾಹೇಬರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು. ಅಪ್ಪನ ಸರ್ವಿಸ್ ದಫ್ತರ ತೆಗೆದು ನೋಡಿದರು. ಅಲ್ಲೂ ಅದೇ ಅಕ್ಕನ ಮಗಳು. ಹೆಂಡತಿ ಅನ್ನೋ ಜಾಗ ಖಾಲಿ.

"ನೀವು ಇವರ ಮನೆಗೆ ಬಂದಾಗ ಎಷ್ಟು ವರ್ಷ?" ಅಂತ ಗುಮಾಸ್ತರಿಂದ ಕೇಳಿಸಿದರು.

"ಎಂಟು," ಅಂದಳು ಅಮ್ಮ. "ಅವ್ರೇ ಸಾಕಿದ್ದು."

ಗುಮಾಸ್ತರು ಅದನ್ನು ಹಿಂದಿಯಲ್ಲಿ ಹೇಳಿದಾಗ ಸಾಹೇಬರು ಪೆನ್ನು ಕೆಳಗಿಟ್ಟರು. ಅವರ ಮುಖ ನನಗೆ ಇನ್ನೂ ನೆನಪಿದೆ. ಕೊಳೆತದ್ದೇನೋ ಮೂಗಿಗೆ ಹೊಡೆದ ಹಾಗೆ ಮಾಡಿದರು. ಅವರ ಸೀಮೆಯಲ್ಲಿ ಅಕ್ಕನ ಮಗಳು ಅಂದರೆ ಮಗಳೇ ಅಂತೆ. ಆಮೇಲೆ ದಫ್ತರದಲ್ಲಿ ನಮ್ಮ ಮೂವರ ಹೆಸರಿನ ಮೇಲೆ ಬೆರಳಿಟ್ಟು, ಹಾಗಾದರೆ ಈ ಮಕ್ಕಳ ತಾಯಿ ಎಲ್ಲಿ ಅಂತ ಕೇಳಿದರು.

ನನಗೆ ತಡೆಯೋಕಾಗಲಿಲ್ಲ. "ಇಲ್ಲೇ ಕೂತಿದಾಳಲ್ರೀ, ನಿಮಗೆ ಕಣ್ಣು ಕಾಣಲ್ವಾ?" ಅಂತ ಕಿರುಚಿದೆ. ಗುಮಾಸ್ತರು ಅದನ್ನು ಹಿಂದಿಯಲ್ಲಿ ಹೇಳಲಿಲ್ಲ. ಅಮ್ಮ ನನ್ನ ತೊಡೆ ಚಿವುಟಿದಳು.

ಕೊನೆಗೆ ತಿಳಿದದ್ದು ಇಷ್ಟು. ಅಕ್ಕನ ಮಗಳಿಗೆ ಪೆನ್ಷನ್ ಇಲ್ಲ, ಪುಸ್ತಕವೂ ಇಲ್ಲ. ಹೆಂಡತಿ ಅಂತಾದರೆ ಮದುವೆ ಆಗಿತ್ತು ಅಂತ ತೋರಿಸಬೇಕು. ಅದು ಸಾಲದು, ಇಂಥ ಮದುವೆ ನಮ್ಮ ಜನರಲ್ಲಿ ರೂಢಿ ಅಂತಲೂ ತೋರಿಸಬೇಕು. ರೂಢಿ ಇಲ್ಲದಿದ್ದರೆ ಕಾನೂನಿನ ಪ್ರಕಾರ ಅದು ಮದುವೆಯೇ ಅಲ್ಲ. ಹೊಸ ಪುಸ್ತಕ ಇಲ್ಲದೆ ಆಪರೇಷನ್ನಿನ ಚೀಟಿಯೂ ಇಲ್ಲ.

ಊರಿಗೆ ಹೋದೆವು. ಹಿರಿಯರು ಬಿದ್ದೂ ಬಿದ್ದೂ ನಕ್ಕರು. "ಅಕ್ಕನ್ ಮಗ್ಳುನ್ನ ಮಾಡ್ಕಣದೇ ಇನ್ಯಾರ್ನ ಮಾಡ್ಕಂತಾರೆ? ಇದ್ಕೂ ಸರ್ಟಿಫಿಕೇಟಾ? ತತ್ತಾ ಇಲ್ಲಿ," ಅಂದು ಒಬ್ಬೊಬ್ಬರೂ ಹೆಬ್ಬೆಟ್ಟು ಒತ್ತಿದರು. ಚಪ್ಪರಕ್ಕೆ ಗಳ ಕಡಿದವನಿಂದ ಓಲಗದವನವರೆಗೆ ಯಾರೂ ಬಿಡಲಿಲ್ಲ. ಒತ್ತಿದವರಲ್ಲಿ ಅರ್ಧ ಜನ ಅಕ್ಕನ ಮಗಳನ್ನೇ ಮಾಡಿಕೊಂಡವರು. ಆ ಕಾಗದ ನೋಡಿ ನಮಗೆಷ್ಟು ಧೈರ್ಯ ಬಂದಿತ್ತು! ಮದರಾಸಿಗೆ ಹೋದ ಕಾಗದ ನಾಲ್ಕು ತಿಂಗಳ ಮೇಲೆ ತಿರುಗಿ ಬಂತು. ಹೆಬ್ಬೆಟ್ಟು ನಡೆಯಲ್ಲ, ನ್ಯಾಯಾಲಯದ ಆದೇಶ ತನ್ನಿ.

ಬಂಗಾರಪೇಟೆಯಲ್ಲಿ ಒಬ್ಬ ವಕೀಲರನ್ನು ಕಂಡೆವು. ಒಳ್ಳೆಯ ಕೇಸು, ಗೆದ್ದೇ ಗೆಲ್ತೀರಿ, ಆದರೆ ಮೂರು ವರ್ಷ ಹಿಡಿಯುತ್ತೆ ಅಂದರು. ವಾಪಸ್ ಬರುವಾಗ ಸ್ಟೇಷನ್ನಿನ ಮೆಟ್ಟಿಲು ಹತ್ತಲಾರದೆ ಅಮ್ಮ ಎರಡು ಸಲ ಕೂತಳು. ಮೂರು ವರ್ಷ ಅಂತೆ! ಆಗಲೇ ಒಂದು ಬಿಂದಿಗೆ ನೀರು ಎತ್ತಿದರೆ ಅವಳ ತುಟಿ ನೀಲಿಯಾಗ್ತಿತ್ತು.

ಕ್ವಾರ್ಟರ್ಸ್ ಬಿಡಿ ಅಂತ ನೋಟೀಸು ಬಂತು. ತಂಗಿ ಆರನೇ ಕ್ಲಾಸು, ತಮ್ಮ ಎರಡನೇ ಕ್ಲಾಸು. ಅಕ್ಕಪಕ್ಕದವರ ಮನೆಯಿಂದ ಸಾರು ಬಂದರೆ ಸಾರು, ಇಲ್ಲದಿದ್ದರೆ ಮುದ್ದೆಗೆ ಉಪ್ಪು ಮೆಣಸಿನಕಾಯಿ. ಒಂದು ದಿನ ಆ ಧಾರವಾಡದ ಗುಮಾಸ್ತರೇ ಮನೆಗೆ ಬಂದರು. ಚಾಪೆ ಹಾಸಿದರೂ ಕೂರಲಿಲ್ಲ.

"ತಪ್ಪು ತಿಳ್ಕೋಬ್ಯಾಡವ್ವಾ," ಅಂದರು. "ಹೆಂಡ್ತಿ ಯಾರು ಅನ್ನೂದು ಗೊತ್ತಾಗವಲ್ದಂತ ಎಲ್ಲಾ ನಿಂತೈತಿ. ಹೆಂಡ್ತಿ ಇಲ್ಲಂದ್ರ ಪೆನ್ಷನ್ ಸೀದಾ ಮಕ್ಕಳಿಗೆ ಹೋಗ್ತೈತಿ. ಮಕ್ಕಳ ಬಗ್ಗೆ ಯಾರದೂ ತಕರಾರಿಲ್ಲ. ಅವರಿಗೆ ಒಬ್ಬ ಪೋಷಕರು ಬೇಕು, ಅಷ್ಟ. ಮನ್ಯಾಗಿರೋ ಅವರ ಸೋದರತ್ತೀ ಮಗಳು ಪೋಷಕಿ ಆಗಬಹುದು."

ನನಗೆ ಅರ್ಥವಾಗಲಿಲ್ಲ. ಅಮ್ಮನಿಗೆ ತಕ್ಷಣ ಆಯಿತು. "ಅಂಗಾದ್ರೆ ಮಕ್ಳ ತಾಯಿ ಸತ್ತೋಗವ್ಳೆ ಅಂತ ಬರ್ದು ಕೊಡ್ಬೇಕು, ಅಲ್ವಾ ಸ್ವಾಮಿ?" ಅಂದಳು. ಅವರು ತಲೆ ಎತ್ತದೆ ಹೂಂ ಅಂದರು.

ನಾನು ಕುಣಿದಾಡಿಬಿಟ್ಟೆ. ಆಗಲ್ಲ ಅಂದೆ, ಬರೆದರೆ ಕೈ ಸುಟ್ಟುಕೊಳ್ತೀನಿ ಅಂದೆ. ನಿನ್ನ ಆಪರೇಷನ್ ಗತಿ ಏನೇ ಅಂತ ಅಳುತ್ತಾ ಕೇಳಿದೆ. ಅಮ್ಮ ಒಲೆ ಮುಂದೆ ಕೂತು ಮುದ್ದೆ ತೊಳಸುತ್ತಲೇ ಇದ್ದಳು. "ಕಾಗ್ದದಾಗೆ ಸತ್ರೆ ಸೂತ್ಕ ಏನೂ ಬರಲ್ಲ ಬುಡೇ," ಅಂದಳು. "ಈ ಮೂರ್ ವರ್ಸ ನೀವೇನ್ ತಿಂತೀರ? ಓಗು, ಪೆನ್ನು ತಗಂಬಾ. ನಿನ್ ಅಕ್ಸರ ಚಂದಾಗೈತೆ."

ಬರೆದೆ. ಮೃತ ನೌಕರರ ಹೆಂಡತಿ ಮೂರನೇ ಮಗುವಿನ ಬಾಣಂತನದಲ್ಲಿ ತೀರಿಕೊಂಡರು ಅಂತ ಬರೆದೆ. ಸತ್ತವಳಿಗೊಂದು ಹೆಸರು ಬೇಕಿತ್ತು. ಮದುವೆಯಲ್ಲಿ ಅಜ್ಜಿ ಇಟ್ಟು, ಯಾರೂ ಕರೆಯದೆ ಉಳಿದಿದ್ದ ಹೆಸರು ಆಗ ಉಪಯೋಗಕ್ಕೆ ಬಂತು. ಕೆಳಗೆ ಅಮ್ಮ ಹಳೇ ಹೆಸರಲ್ಲಿ, ಮೃತರ ಅಕ್ಕನ ಮಗಳು ಮತ್ತು ಮಕ್ಕಳ ಪೋಷಕಿ ಅಂತ ಸಹಿ ಹಾಕಿದಳು. ಅಷ್ಟು ಹೊತ್ತೂ ತಮ್ಮ ಅವಳ ಬೆನ್ನಿಗೆ ಜೋತುಬಿದ್ದು, ಅಮ್ಮಾ ಮುದ್ದೆ, ಅಮ್ಮಾ ಮುದ್ದೆ ಅಂತಿದ್ದ.

ಅಮ್ಮ ಹೆಂಡತಿ ಅಂತ ತೋರಿಸೋಕೆ ಒಂದಿಡೀ ವರ್ಷ ಓಡಾಡಿ ಆಗಿರಲಿಲ್ಲ. ಸತ್ತಿದ್ದಾಳೆ ಅಂತ ತೋರಿಸೋಕೆ ಬಂಗಾರಪೇಟೆಯಲ್ಲಿ ಒಂದು ಮಧ್ಯಾಹ್ನ ಸಾಕಾಯಿತು. ಹಳ್ಳಿಗಳಲ್ಲಿ ಬಾಣಂತಿಯರು ಸಾಯೋದನ್ನು ಆಗೆಲ್ಲಾ ಯಾರು ಬರೆಸಿಡ್ತಿದ್ದರು? ಕೇಳಿದ ತಕ್ಷಣ ತಾಲ್ಲೂಕು ಕಚೇರಿಯವರು ಒಂದು ಚೀಟಿ ಕೊಟ್ಟರು, ಮುದ್ರೆ ಒತ್ತಿದರು. ಸಾಹೇಬರು ಕಾಗದಗಳನ್ನು ಗುಮಾಸ್ತರಿಂದ ಓದಿಸಿಕೊಂಡು ನಿರಾಳವಾಗಿ ಉಸಿರುಬಿಟ್ಟರು. ತಾಯಿಯಿಲ್ಲದ ಮಕ್ಕಳು ಅಂತ ನನ್ನ ತಲೆ ಸವರಿದರು. ಇದನ್ನು ಬರೆದದ್ದು ನೀನೇನಾ, ಬಹಳ ಸುಂದರವಾದ ಅಕ್ಷರ ಅಂದರು. ಅಮ್ಮ ನನ್ನ ಪಕ್ಕದಲ್ಲೇ ಸೆರಗು ಹೊದ್ದು ನಿಂತಿದ್ದಳು.

ಎರಡೇ ತಿಂಗಳಲ್ಲಿ ಪೆನ್ಷನ್ ಬಂತು. ನಮಗೆ ಮೂವರಿಗೂ ಹೊಸ ಪುಸ್ತಕ ಬಂತು, ನೆಗಡಿ ಕೂಡ ಬಾರದ ಮೂರು ಮಕ್ಕಳಿಗೆ. ಆ ಪುಸ್ತಕ ಕಂಡರೆ ನನಗೆ ಒಲೆಗೆ ಹಾಕುವಷ್ಟು ಸಿಟ್ಟು. ರಾಬರ್ಟ್‌ಸನ್‌ಪೇಟೆಯ ಒಂದು ಗಲ್ಲಿಯಲ್ಲಿ ಬಾಡಿಗೆ ಮನೆ ಹಿಡಿದೆವು. ಮಕ್ಕಳು ಬದುಕಿದ್ದಾರೆ ಅಂತ ಪೋಷಕಿ ವರ್ಷಕ್ಕೊಮ್ಮೆ ಬರೆದುಕೊಡಬೇಕಿತ್ತು. ಪ್ರತಿ ನವೆಂಬರಿನಲ್ಲಿ ಅಮ್ಮ ಹೋಗಿ, ನಾವು ಬದುಕಿದ್ದೇವೆ ಅಂತ ಸಹಿ ಹಾಕಿ ಬರೋಳು.

ಬೆಂಗಳೂರಿನ ದೊಡ್ಡಾಸ್ಪತ್ರೆಗೂ ಒಂದು ಸಲ ಹೋದೆವು. ಎಲ್ಲಿಂದ ಕಳಿಸಿದ್ದಾರೆ, ಚೀಟಿ ಎಲ್ಲಿ ಅಂದರು. ಚೀಟಿ ಇಲ್ಲದವರ ಸಾಲು ಬೇರೆ ಇತ್ತು, ಸಂಜೆವರೆಗೆ ನಿಂತೆವು, ಮುಂದಿನ ವರ್ಷದ ಒಂದು ದಿನ ಬರೆದುಕೊಟ್ಟರು. ಆ ದಿನ ಬರುವಾಗ ತಮ್ಮನಿಗೆ ಪರೀಕ್ಷೆ. ಹೋಗಲ್ಲ ಅಂದಳು. ನಾನು ಬೈದೆ, ಕಾಲು ಹಿಡಿದೆ. ಜಪ್ಪಯ್ಯ ಅನ್ನಲಿಲ್ಲ. "ನಂಗೇನಾಗೈತೆ ಈಗ?" ಅನ್ನೋಳು ಏದುಸಿರಲ್ಲಿ. ಅವಳು ನಿಜವಾಗಿ ಹೆದರಿದ್ದು ಯಾಕೆ ಅಂತ ನನಗೆ ಆಮೇಲೆ ಹೊಳೆಯಿತು. ಆಸ್ಪತ್ರೆಯಲ್ಲಿ ಗಂಡನ ಹೆಸರು, ಮಕ್ಕಳ ಹೆಸರು ಬರೆಸಬೇಕಲ್ಲ. ಅದು ಹೇಗೋ ಕಚೇರಿಗೆ ತಿಳಿದು ನಮ್ಮ ಪೆನ್ಷನ್ ನಿಂತರೆ? ಮುಂದೆ ಮೂರು ವಾರದ ಇಂಜೆಕ್ಷನ್ನನ್ನು ಹೊರಗೆ ದುಡ್ಡು ಕೊಟ್ಟು ಹಾಕಿಸಿಕೊಳ್ಳುತ್ತಾ, ಗೋಡೆಗೆ ದಿಂಬು ಇಟ್ಟು ಕೂತೇ ನಿದ್ದೆ ಮಾಡುತ್ತಾ ಒಂಬತ್ತು ವರ್ಷ ತಳ್ಳಿದಳು.

ತಮ್ಮನ ಪಿಯುಸಿ ಫಲಿತಾಂಶ ಬಂದ ವಾರ ಅಮ್ಮ ಹೋದಳು. ಹಿಂದಿನ ದಿನವೇ ಓಣಿಗೆಲ್ಲಾ ಸಕ್ಕರೆ ಹಂಚಿದ್ದಳು. ಅಷ್ಟು ಹೊತ್ತಿಗೆ ನಾನು ಒಂದು ಶಾಲೆಯಲ್ಲಿ ಪಾಠ ಹೇಳ್ತಿದ್ದೆ. ಕರಿಹಲಗೆಯ ಮೇಲೆ ನಾನು ಬರೆದರೆ ಮಕ್ಕಳು ನೋಡಿಕೊಂಡು ತಿದ್ದೋವು.

ಪುರಸಭೆಯಲ್ಲಿ ಸಾವು ಬರೆಸೋಕೆ ನಾನೇ ಹೋದೆ. ಫಾರಂ ತುಂಬಿದೆ. ಸತ್ತವರಿಗೂ ನಿಮಗೂ ಏನು ಸಂಬಂಧ ಅನ್ನೋ ಜಾಗದಲ್ಲಿ ಮಗಳು ಅಂತ ಬರೆಯುವಾಗ ಅಕ್ಷರ ಸೊಟ್ಟಗಾಯಿತು. ಅಲ್ಲಿದ್ದಾತ ಮರಣಪತ್ರ ಎಷ್ಟು ಪ್ರತಿ ಬೇಕು ಅಂತ ಕೇಳಿದ. ಬ್ಯಾಂಕಿಗೆ ಬೇಕು, ಪೆನ್ಷನ್ ಆಫೀಸಿಗೆ ಬೇಕು, ಐದಾದರೂ ತಗೊಳ್ಳಮ್ಮಾ, ಆಮೇಲೆ ಅಲೀಬೇಡ ಅಂದ.

ಒಂದು ಸಾಕು ಅಂದೆ. ಆ ಒಂದನ್ನೂ ಇವತ್ತಿನವರೆಗೆ ಯಾರೂ ಕೇಳಿಲ್ಲ.