ಅಂಗೈ ಮೇಲಿನ ತಾರೀಕು

ಕೆಲಸದಲ್ಲಿ ಗಾಯಗೊಂಡವರ ಪರಿಹಾರದ ಕಚೇರಿ ಎಂದೊಡನೆ ಅಧಿಕಾರಿಗಳ ತೀರ್ಪನ್ನು ನೆನೆಯುವವರಿದ್ದಾರೆ, ವಕೀಲರ ವಾದವನ್ನು ಕೊಂಡಾಡುವವರಿದ್ದಾರೆ. ಆದರೆ ಆ ನ್ಯಾಯ ಒಳಗೆ ಬರಲು ಇದ್ದ ಒಂದೇ ಕಿಂಡಿಯ ಹಿಂದೆ ಮೂವತ್ತೊಂದು ವರ್ಷ ಕುಳಿತು ಅರ್ಜಿಗಳನ್ನು ಸ್ವೀಕರಿಸಿದವರು ನಮ್ಮ ತಾರೀಕಮ್ಮನವರು. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲೇ ಉಳಿಯಿತು. ಈ ಹೆಸರಿಟ್ಟವರು ಕಾರ್ಮಿಕರು.

ಪ್ರತಿ ಬೆಳಿಗ್ಗೆ ಅವರು ಮೊಹರಿನ ಪುಟ್ಟ ಗಾಲಿಗಳನ್ನು ತಿರುಗಿಸಿ, ಆ ದಿನದ ತಾರೀಕನ್ನು ಮೊದಲು ತಮ್ಮ ಅಂಗೈಗೆ ಒತ್ತಿಕೊಳ್ಳುತ್ತಿದ್ದರು. "ಕಾಗದದ ಮೇಲೆ ತಪ್ಪಿದ್ರೆ ಒಬ್ಬರ ಬದುಕು ಹೋಗುತ್ತೆ. ಕೈ ಮೇಲೆ ತಪ್ಪಿದ್ರೆ ಸೋಪಿದೆಯಲ್ಲ!" ಎಂದು ನಗುತ್ತಿದ್ದರು.

ಪಕ್ಕದ ಮೇಜಿನ ಬೆರಳಚ್ಚುಗಾರನಾಗಿ ನಾನು ಕಂಡ ಆ ಕೋಣೆ ಇಂದಿಗೂ ಕನಸಿನಲ್ಲಿ ಬರುತ್ತದೆ. ಮಧ್ಯಾಹ್ನದ ಬಿಸಿಲು ಗಾಜಿನಿಂದಿಳಿದು ಕಡತಗಳ ಮೇಲೆ ಹರಿದಾಗ, ಅದು ನೀರಿನಡಿ ಮುಳುಗಿದ ಮನೆಯಂತಾಗುತ್ತಿತ್ತು. ಬ್ಯಾಂಡೇಜು ಸುತ್ತಿದ ಕೈಗಳು ಬಿಳಿ ಮೀನುಗಳಂತೆ ಕಿಂಡಿಯ ಬಳಿ ತೇಲಿ ಬರುತ್ತಿದ್ದವು. ಪ್ರತಿ ಕೈಗೂ ಅವರ ಮೊದಲ ಪ್ರಶ್ನೆ ಒಂದೇ: "ಯಾವತ್ತಾಯ್ತು?" ಆಮೇಲೆ ಮೆಲುದನಿಯ ಪಾಠ: ಮಾಲೀಕರಿಗೆ ಬರಹದಲ್ಲಿ ತಿಳಿಸಿ, ನಕಲು ಇಟ್ಟುಕೊಳ್ಳಿ, ಓದದ ಕಾಗದಕ್ಕೆ ಸಹಿ ಹಾಕಬೇಡಿ, ಇಲ್ಲಿಗೆ ಬರಬಹುದು, ಇಲ್ಲವೇ ದೊಡ್ಡ ಕೋರ್ಟಿಗೆ ಹೋಗಬಹುದು, ಎರಡು ದೋಣಿಯಲ್ಲಿ ಕಾಲಿಡಬೇಡಿ, ಅವಘಡದ ದಿನದಿಂದ ಎರಡೇ ವರ್ಷ. ತಡವಾದರೆ ಮನ್ನಿಸುವ ಬಾಗಿಲೊಂದುಂಟು, ಆದರೆ ಅದರ ಬೀಗದ ಕೈ ನಮ್ಮ ಹತ್ತಿರ ಇಲ್ಲ.

ಅವರ ಸೇವೆಯ ಹತ್ತೊಂಬತ್ತನೆಯ ವರ್ಷ, ಕಿಂಡಿ ಮುಚ್ಚಲು ಹತ್ತು ನಿಮಿಷವಿದ್ದಾಗ, ಡಬ್ಬಿ ಮುಚ್ಚಳದ ಕಾರ್ಖಾನೆಯ ಹೆಣ್ಣುಮಗಳೊಬ್ಬಳು ಬಂದಳು. ಎಡಗೈಯ ಮೂರು ಬೆರಳನ್ನು ಪ್ರೆಸ್ ಯಂತ್ರ ಕಚ್ಚಿಕೊಂಡಿತ್ತು.

"ಸುಮ್ನೆ ವಿಚಾರಿಸೋಣ ಅಂತ ಬಂದೆ ಅಕ್ಕ. ಇನ್ನೂ ಮೂರು ತಿಂಗಳಿದೆಯಲ್ಲ?"

"ಯಾವತ್ತಿಂದ ಎಣಿಸಿದೆ ತಾಯಿ?"

"ಕಟ್ಟು ಬಿಚ್ಚಿದ ದಿನದಿಂದ. ಗಾಯ ಮಾಯಲಿ, ಆಮೇಲೆ ನೋಡೋಣ ಅಂದ್ರು ಮೇಸ್ತ್ರಿ."

"ಮೇಸ್ತ್ರಿ ಬಾಯಿಗಿಷ್ಟು ಮಣ್ಣು! ಕೈ ಸಿಕ್ಕಿಕೊಂಡಿದ್ದು ಯಾವತ್ತು?"

"ಮಗಳನ್ನ ಶಾಲೆಗೆ ಸೇರಿಸಿದ ಮಾರನೇ ದಿನ." ಅವಳು ತಾರೀಕು ಹೇಳಿದಳು.

ತಾರೀಕಮ್ಮನವರು ತಮ್ಮ ಅಂಗೈ ನೋಡಿಕೊಂಡರು. ಗಡುವು ಅಂದೇ ಮುಗಿಯುತ್ತಿತ್ತು. ಬಿಳಿ ಹಾಳೆಯೊಂದನ್ನು ನನ್ನತ್ತ ತಳ್ಳಿದರು. ಹೆಸರು, ಕಾರ್ಖಾನೆ, ಯಂತ್ರ, ದಿನ: ಐದು ಸಾಲು ಬಡಿದೆ. ಸೂಪರಿಂಟೆಂಡೆಂಟರು ಎದ್ದು ಬಂದರು.

"ಡಾಕ್ಟರ್ ಸರ್ಟಿಫಿಕೇಟ್ ಎಲ್ರೀ? ಅರೆಬರೆ ಅರ್ಜಿ ತಗೋಬೇಡಿ."

"ಸರ್ಟಿಫಿಕೇಟ್ ನಾಳೆ ಬರುತ್ತೆ ಸಾರ್. ಇವತ್ತು ನಾಳೆ ಬರಲ್ಲ."

"ಮೆಮೊ ಕೊಡ್ತೀನಿ!"

"ಕೊಡಿ ಸಾರ್, ಅದಕ್ಕೂ ತಾರೀಕು ಒತ್ತಿ ತಗೋತೀನಿ."

ಮೊಹರು ಬಿತ್ತು. ಆ ಸದ್ದು ಈಗಲೂ ನನ್ನ ನಿದ್ದೆಯಲ್ಲಿ ಕೇಳುತ್ತದೆ, ದೂರದಲ್ಲಿ ಯಾರೋ ಬಾಗಿಲು ತೆರೆದಂತೆ. ಅದೇ ಬಗೆಯ ಅರೆಬರೆ ಅರ್ಜಿಗಳನ್ನು, ಅವರ ರಜೆಯ ದಿನಗಳಲ್ಲಿ, ನನ್ನ ಈ ಕೈಯೇ ಎಷ್ಟು ಹಿಂತಿರುಗಿಸಿತ್ತೋ! ಬೆರಳು ಕಳೆದುಕೊಂಡವರಿಗೆ ಗಡುವು, ಬೆರಳು ನುಂಗಿದವರಿಗೆ ವಾಯಿದೆಯ ಮೇಲೆ ವಾಯಿದೆ: ಇದನ್ನು ನಿಯಮವೆಂದು ನಂಬಿ ನಾವು ಸಂಬಳ ತಿಂದೆವು.

ಮೆಮೊ ಬಂತು. ತಾರೀಕಮ್ಮನವರು ಎರಡು ವರ್ಷ ಕಿಟಕಿಯಿಲ್ಲದ ಕಡತದ ಕೋಣೆಯಲ್ಲಿ ಕುಳಿತು, ಆಮೇಲೆ ಕಿಂಡಿಗೆ ಮರಳಿದರು. ವಿಚಾರಣೆಯಲ್ಲಿ ಕಾರ್ಖಾನೆಯ ವಕೀಲರು ಗಡುವು ಮೀರಿದೆಯೆಂದು ಗುಡುಗಿದಾಗ, ಹಾಳೆಯ ಮೂಲೆಯ ನೀಲಿ ಮೊಹರು ಉತ್ತರ ಕೊಟ್ಟಿತು. ಆ ಹೆಣ್ಣುಮಗಳಿಗೆ ಪರಿಹಾರ ಸಿಕ್ಕಿತು. ಮಗಳ ಶಾಲೆ ನಿಲ್ಲಲಿಲ್ಲ.

ಮೊನ್ನೆ ನಿವೃತ್ತಿಯ ದಿನ ಅವರು ಮೊಹರನ್ನು ಹೊಸಬರಿಗೆ ಒಪ್ಪಿಸುವಾಗ, ಎರಡು ಬೆರಳಿನ ಆ ಎಡಗೈ ಕಿಂಡಿಯೊಳಗೆ ಚಾಚಿಕೊಂಡಿತು. "ನನಗೂ ಒಂದು ಒತ್ತಿ ಅಕ್ಕ." ಒತ್ತಿದರು. ಇಬ್ಬರೂ ಬಿಸಿಲಿನಲ್ಲಿ ಅಂಗೈಯನ್ನು ಅಂಗೈಗಿಟ್ಟರು.

ಬರುವ ಸೋಮವಾರದಿಂದ ತಾರೀಕಮ್ಮನವರು ಕಚೇರಿಯ ಹೊರಗಿನ ಬೆಂಚಿನಲ್ಲಿ ಕೂರುತ್ತಾರಂತೆ. ಕೂರಲಿ, ನೂರು ತುಂಬುವವರೆಗೆ. ಕಟ್ಟು ಸುತ್ತಿದ ಕೈಯೊಂದು ಮೆಟ್ಟಿಲು ಹತ್ತುವ ಮೊದಲೇ ಆ ದನಿ ಕೇಳಲಿ: "ಯಾವತ್ತಾಯ್ತು, ತಾಯಿ?"