ಓಗುಲ್‌ಸೆನೆಮ್‌ಳ ಮಣ್ಣಿನ ಗುಂಡಿ

ಗರ್ಗಾ ದಿಬ್ಬದ ಬುಡದ ಮಣ್ಣು ಸಿಗದಿದ್ದರೆ ಓಗುಲ್‌ಸೆನೆಮ್ ಕೈಕಟ್ಟಿ ಕೂರಬೇಕಿತ್ತು. ನಲವತ್ತು ವರ್ಷಗಳಿಂದ ಅಲ್ಲಿನ ಒಂದೇ ಗುಂಡಿಯಿಂದ ಮಣ್ಣು ತಂದು, ಕುರಿಯ ಉಣ್ಣೆ ಕಲಸಿ, ಊರಿನ ಪ್ರತಿ ಹೊಸ ಸೊಸೆಗೂ ರೊಟ್ಟಿ ಸುಡುವ ತಂದೂರಿ ಒಲೆ ಕಟ್ಟಿಕೊಟ್ಟವಳು ಅವಳು. ಬೇರೆ ಮಣ್ಣಿನ ಒಲೆ ಮೊದಲ ಬೆಂಕಿಗೇ ಬಿರುಕು ಬಿಡುತ್ತಿತ್ತು. ಈಗ ರಾಜಧಾನಿ ಅಶ್ಗಾಬಾತ್‌ನಿಂದ ಹಳೇ ಕಾಲದ ಕುರುಹು ಹುಡುಕಲು ಬಂದ ಉತ್ಖನನದವರು ಯಾರೂ ಒಳಬರದಂತೆ ದಿಬ್ಬದ ಮೇಲೆ ಹಗ್ಗ ಕಟ್ಟಿದ್ದರು. ಅಂಚಿನಲ್ಲಿ ಒಂದು ಒಲೆ ಸಿಕ್ಕಿದ್ದೇ ತಡ, ಅವರ ಮುಖ್ಯಸ್ಥ ಹಿದಿರ್, ವಾರದೊಳಗೆ ಹಗ್ಗವನ್ನು ಗುಂಡಿಯವರೆಗೂ ಎಳೆಯುತ್ತೇವೆ ಎಂದುಬಿಟ್ಟ.

"ಅಲ್ಲಪ್ಪಾ, ಅದು ನಾನು ಮಾಡಿದ ಒಲೆ," ಅಂದಳು ಸೆನೆಮ್.

"ದೊಡ್ಡಮ್ಮಾ, ಇದಕ್ಕೆ ಮೂರು ಸಾವಿರ ವರ್ಷ."

"ನನಗೇ ಅರವತ್ತಾರು! ನಮ್ಮತ್ತೆಗೆ ಕಟ್ಟಿಕೊಟ್ಟ ಈ ಒಲೆ ಹಳತಾಗಿ ಸೀಳಿದಾಗ ನಾನೇ ಕತ್ತೆಗಾಡೀಲಿ ತಂದು ಹೂತಿದ್ದು."

ಒಡೆದ ಒಲೆಯನ್ನು ಆ ಊರಲ್ಲಿ ಯಾರೂ ಬೀದಿಗೆ ಎಸೆಯುವುದಿಲ್ಲ. ರೊಟ್ಟಿ ಕೊಟ್ಟ ಮಣ್ಣನ್ನು ಯಾರ ಕಾಲೂ ತುಳಿಯಬಾರದೆಂದು ದಿಬ್ಬದಲ್ಲಿ ಹೂಳುತ್ತಾರೆ. ಇದನ್ನು ಆ ಓದಿದವನಿಗೆ ಹೇಳಿ ಹೇಳಿ ಅವಳ ಗಂಟಲು ಒಣಗಿತು. ಅವನೋ, ಕೂಸಿನ ಮುಖ ಒರೆಸುವಂತೆ ಒಲೆಯ ಬಾಯಿಗೆ ಕುಂಚ ಆಡಿಸುತ್ತಲೇ ಇದ್ದ. ಮೂರನೆಯ ದಿನ ಅವಳಿಗೆ ರೇಗಿಹೋಯಿತು. ಹಗ್ಗ ದಾಟಿ ಒಳಗಿಳಿದು ಒಲೆಯ ಹೊರಮೈಯನ್ನು ಉಗುರಿನಿಂದ ಕೆರೆದಳು. ಉಣ್ಣೆಯ ಜೊತೆ ನೀಲಿ ಎಳೆಯೊಂದು ಹೊರಬಂತು.

"ಗೊಬ್ಬರದ ಚೀಲದ ನೈಲಾನ್ ದಾರ, ಉಣ್ಣೆ ಸಾಲದೆ ನಾನೇ ಕಲಸಿದ್ದು. ಮೂರು ಸಾವಿರ ವರ್ಷದ ಹಿಂದಿನೋರು ಇದನ್ನ ಯಾವ ಅಂಗಡೀಲಿ ತಂದ್ರಂತೆ?"

ಕೆಲಸದವರು ಗೊಳ್ಳೆಂದು ನಕ್ಕರು. ಹಿದಿರ್‌ನ ಮುಖ ಚಿಕ್ಕದಾಯಿತು. "ಹಾಗಾದ್ರೆ ದಿಬ್ಬದ ತುಂಬ ನಿಮ್ಮ ಒಲೆಗಳೇನಾ?"

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಅವಳು ಗೆದ್ದಂತೆಯೇ. ಆದರೆ ಅವನ ಪೆಚ್ಚುಮೋರೆ ನೋಡಿ ಕರುಳು ಚುರ್ ಎಂದಿತು, ಜೊತೆಗೆ ಸ್ವಲ್ಪ ಜಂಬವೂ ಬಂತು.

"ಮೇಲೆಲ್ಲ ನಾವು ಒಲೆ ಹೂಳೋಕೆ ಕೆದಕಿದ್ದೇ ಕಣಪ್ಪಾ. ನನ್ನ ಗುಂಡಿ ನೋಡು, ಅಲ್ಲಿ ಯಾರೂ ಏನೂ ಹೂತಿಲ್ಲ. ಅದರ ಗೋಡೇಲಿ ಬೂದಿ ಒಂದು ಗೆರೆ, ಮಣ್ಣು ಒಂದು ಗೆರೆ, ಎರಡಾಳುದ್ದ ಹಳೇ ಕಾಲದ್ದು ಹಾಗೇ ಇದೆ."

ಮರುದಿನ ಬೆಳಗ್ಗೆ ಬುಟ್ಟಿ ಹೊತ್ತು ಹೋದರೆ ಗುಂಡಿಯ ಸುತ್ತ ಹೊಸ ಹಗ್ಗ. ಹಿದಿರ್ ನಗುನಗುತ್ತ ಓಡಿಬಂದು ಅವಳ ಕೈಗೆ ಚಹಾದ ಬಟ್ಟಲು ಕೊಟ್ಟ.

"ನಿಮ್ಮ ಉಪಕಾರ ಮರೆಯಲ್ಲ ದೊಡ್ಡಮ್ಮಾ! ಇಂಥ ಜಾಗ ಇನ್ನೆಲ್ಲೂ ಇಲ್ಲ. ನಾಲ್ಕೇ ವರ್ಷ, ಮುಗಿಸಿಬಿಡ್ತೀವಿ."

ಸೆನೆಮ್‌ಗೆ ಅವನಿಗಿಂತ ತನ್ನ ನಾಲಿಗೆಯ ಮೇಲೇ ಹೆಚ್ಚು ಸಿಟ್ಟು ಬಂತು.

"ನಾಲ್ಕು ವರ್ಷ ಊರಿನ ಸೊಸೆಯರು ರೊಟ್ಟಿ ಎಲ್ಲಿ ಸುಡ್ಬೇಕೋ, ನಿನ್ನ ತಲೆ ಮೇಲಾ?" ಎಂದು ಬಟ್ಟಲನ್ನು ಅವನ ಕೈಗೇ ತುರುಕಿ, ಖಾಲಿ ಬುಟ್ಟಿ ಹೊತ್ತು ಮನೆಗೆ ನಡೆದಳು.