ಬೀಗರಾದ ಭಟ್ಟಿ ತಜ್ಞರು

ನಮ್ಮ ಕಡೆ ಉಣ್ಣಲು ಕೂತ ಅತಿಥಿಯ ‘ಸಾಕು’ ಎಂಬ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ತಟ್ಟೆಯ ಮೇಲೆ ಆತ ಎರಡೂ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ತುಪ್ಪ ಇಳಿಯುತ್ತದೆ. ಇಂಥ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ, ಹೊರಗಿನಿಂದ ಬಂದ ತಜ್ಞರಿಂದ ಕೆಲಸ ತೆಗೆಯುವ ಜವಾಬ್ದಾರಿ ಬಿದ್ದರೆ ಏನಾದೀತೆಂದು ನೀವೇ ಊಹಿಸಿ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಖಾನಾಪುರದ ಅಂಚಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಮ್ಯಾನೇಜರ್ ಆಗಿದ್ದೆ. ಹೆಂಚು ಸುಡುವ ನಮ್ಮ ಹೊಸ ಭಟ್ಟಿಗೆ ಅದೇನು ಮುನಿಸೋ, ಮುಂದಿನ ಸಾಲಿನ ಹೆಂಚುಗಳು ಕೆಂಪಗೆ ಬೆಂದರೆ ಹಿಂದಿನವು ಜ್ವರ ಬಿಟ್ಟೆದ್ದವರಂತೆ ಬಿಳಚಿಕೊಂಡು ಹೊರಬರುತ್ತಿದ್ದವು. ಮಳೆಗಾಲ ಹೊಸ್ತಿಲಲ್ಲಿತ್ತು. ಅಷ್ಟರೊಳಗೆ ಭಟ್ಟಿ ನೆಟ್ಟಗಾಗದಿದ್ದರೆ ಕಾರ್ಖಾನೆಯ ಬಾಗಿಲು ಹಾಕಿ, ದೀಪಾವಳಿಯ ಹೊತ್ತಿಗೆ ನೋಡೋಣ ಎಂದು ಬೆಳಗಾವಿಯಲ್ಲಿದ್ದ ಮಾಲೀಕರು ಹೇಳಿಬಿಟ್ಟಿದ್ದರು. ಹಾಗಾದರೆ ಕೆಲಸಗಾರರೆಲ್ಲ ಮಳೆಗಾಲವಿಡೀ ಮನೆಯಲ್ಲಿ ಕೂರಬೇಕು, ಅವರ ಒಲೆಗಳು ಒಪ್ಪೊತ್ತು ಉರಿದರೆ ಹೆಚ್ಚು.

ಆಗ ಕರಾವಳಿಯಿಂದ ಶೀನ ಶೆಟ್ಟರೆಂಬ ಭಟ್ಟಿ ತಜ್ಞರನ್ನು ಗುತ್ತಿಗೆಯ ಮೇಲೆ ಕರೆಸಿದೆವು. ಬೆಳಗಾವಿ ಬಸ್‌ಸ್ಟ್ಯಾಂಡಿನಲ್ಲೇ ಅವರ ಕೈಗೆ ಕುಂದಾ ಮಿಠಾಯಿಯ ಪೊಟ್ಟಣವಿಟ್ಟು ಬರಮಾಡಿಕೊಂಡೆ. ಮೊದಲ ದಿನದ ಊಟ, ಆ ಭಟ್ಟಿಯನ್ನು ಕಟ್ಟಿದ ಗೌಂಡಿ ದಸ್ತಗೀರ ಚಾಚಾನ ಮನೆಯಲ್ಲಿ. ಊರೂಟವೇ ಎನ್ನುವಷ್ಟು ಅದ್ದೂರಿ. ಬೀಗರಿಗೂ ಹಾಗೆ ಉಪಚಾರ ನಡೆಯುವುದಿಲ್ಲ. ಊಟ ಮುಗಿಸಿದ ಶೆಟ್ಟರು ಭಟ್ಟಿಯನ್ನು ಸುತ್ತಿದರು, ಬಗ್ಗಿದರು, ಚಿಮಣಿಗೆ ಕಣ್ಣಿಟ್ಟರು. ಕೊನೆಗೆ, “ಭಟ್ಟಿ ಲಾಯ್ಕುಂಟು ಮಾರಾಯ್ರೆ. ಸೌದೆ ಸ್ವಲ್ಪ ಬದಲಿಸಿ ನೋಡುವ” ಅಂದರು. ಸೌದೆ ಬದಲಾಯಿತು, ಹೆಂಚಿನ ಬಣ್ಣ ಬದಲಾಗಲಿಲ್ಲ.

ಒಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ಅವರ ಊಟ. ನಮ್ಮವ್ವ ಬಡಿಸಿದ ಸಾರನ್ನು ಎರಡೆರಡು ಸಲ ಹಾಕಿಸಿಕೊಂಡು ಬಾಯ್ತುಂಬ ಹೊಗಳಿ ಹೋದರು. ಅತಿಥಿಯ ನಂತರವೇ ಮನೆಯವರ ಊಟ; ಆಮೇಲೆ ಉಣ್ಣಲು ಕೂತ ಅವ್ವ ಒಂದು ತುತ್ತಿಗೇ ನಿಲ್ಲಿಸಿ ನನ್ನನ್ನು ಕರೆದಳು.

“ಎಪ್ಪಾ, ಸಾರಿಗೆ ಉಪ್ಪು ಹಾಕೋದ ಮರ್ತೀನಿ. ಉಪ್ಪಿಲ್ಲದ ಸಾರು ಛಲೋ ಐತಿ ಅಂದಾಂವ, ನಿಮ್ಮ ಭಟ್ಟಿ ಛಲೋ ಐತಿ ಅಂದ್ರ ಅದನ್ನೂ ನಂಬ್ತಿ?”

ನಾನು ಓದಿದ ಯಾವ ಪಾಠದಲ್ಲೂ ಈ ಮಾತಿರಲಿಲ್ಲ. ತಜ್ಞನಿಗೆ ಕಣ್ಣಿರುವಂತೆ ದಾಕ್ಷಿಣ್ಯವೂ ಇರುತ್ತದೆ. ನಾವು ಅವರ ಕಣ್ಣಿಗೆ ಸಂಬಳ ಗೊತ್ತುಮಾಡಿ, ದಾಕ್ಷಿಣ್ಯಕ್ಕೆ ತುಪ್ಪ ಸುರಿಯುತ್ತಿದ್ದೆವು. ಪರರ ಮನೆಯ ಅನ್ನ ಉಂಡವನು ಆ ಮನೆಯ ಯಜಮಾನ ಕಟ್ಟಿದ ಗೋಡೆಯನ್ನು ಯಾವ ಬಾಯಲ್ಲಿ ಹಳಿಯಬೇಕು?

ಚಾಚಾನಿಗೆ ಅವ್ವನ ಮಾತನ್ನು ಹೇಳಿದೆ. ಆತ ಬಿದ್ದು ಬಿದ್ದು ನಕ್ಕ. ನಗುತ್ತ ನಗುತ್ತಲೇ, ಶೆಟ್ಟರು ಮೊದಲು ಉಂಡದ್ದು ತನ್ನ ಮನೆಯಲ್ಲೇ ಎಂಬುದು ಆತನಿಗೆ ಹೊಳೆಯಿತು. ಎದ್ದವನೇ ನೇರ ಶೆಟ್ಟರ ಎದುರು ಹೋಗಿ ನಿಂತ.

“ಶೆಟ್ಟರ, ನಮ್ಮ ಮನ್ಯಾಗ ಉಂಡೀರಿ ಅಂತ ಬಾಯಿ ಕಟ್ಕೋಬ್ಯಾಡ್ರಿ. ಈ ಭಟ್ಟಿ ಕಟ್ಟಿದಾಂವ ನಾನ. ಎಲ್ಲಿ ತಪ್ಪೈತಿ, ಖರೇ ಹೇಳ್ರಿ.”

ಶೆಟ್ಟರು ನೆಲ ನೋಡಿದರು. “ಹೊಗೆ ಹೋಗುವ ದಾರಿ ಇಕ್ಕಟ್ಟಾಯ್ತು ಚಾಚಾ. ಹಿಂದಿನ ಗೋಡೆ ಒಡೀಬೇಕು. ಬಂದ ದಿನವೇ ಕಂಡಿತ್ತು, ಹೇಳ್ಲಿಕ್ಕೆ ಮನಸ್ಸು ಬರ್ಲಿಲ್ಲ.”

ಚಾಚಾನ ಮುಖ ಒಂದು ಗಳಿಗೆ ಸಣ್ಣದಾಯಿತು. ಆ ಗೋಡೆಯನ್ನು ದಿನಾ ಬರುವಾಗೊಮ್ಮೆ ಹೋಗುವಾಗೊಮ್ಮೆ ಕೈಯಿಂದ ಸವರುತ್ತಿದ್ದವನು ಆತ. ಬೇರೆಯವರು ಹಾರೆ ಎತ್ತಿಕೊಳ್ಳುವ ಮೊದಲೇ ತಾನೇ ಎತ್ತಿಕೊಂಡು, “ಎಲ್ಲಿಂದ ಒಡೀಲಿ, ತೋರಸ್ರಿ” ಅಂದ. ಆ ಗಳಿಗೆಯಲ್ಲಿ ಆತನ ಮೇಲೆ ನನಗೆ ಉಕ್ಕಿದ ಪ್ರೀತಿಯನ್ನು ಇಂದಿಗೂ ಅಳೆಯಲಾರೆ. ಶೆಟ್ಟರೂ ಅಂಗಿ ಕಳಚಿ ಇಟ್ಟಿಗೆ ಹೊತ್ತರು.

ಹೊಗೆಯ ದಾರಿ ಅಗಲವಾಗಿ ಗೋಡೆ ಮತ್ತೆ ಎದ್ದು, ಬೆಂಕಿ ಹಾಯ್ದು, ಭಟ್ಟಿ ಆರಿ, ಬಾಗಿಲು ತೆರೆದ ಬೆಳಿಗ್ಗೆ ಎಲ್ಲರೂ ಸುತ್ತ ನಿಂತಿದ್ದೆವು. ಚಾಚಾ ಒಳಗೆ ಹೋದ. ಕಟ್ಟಕಡೆಯ ಸಾಲಿನಿಂದ ಒಂದು ಕೆಂಪು ಹೆಂಚು ತಂದು, ಬೆರಳಿನಿಂದ ಬಾರಿಸಿದ. ಅದು ಕಂಚಿನಂತೆ ಠಣ್ ಎಂದಿತು. ಅಷ್ಟರಲ್ಲೇ ಹೊರಗೆ ಮೊದಲ ಹನಿಗಳು ಬಿದ್ದವು. ಕಾರ್ಖಾನೆ ಮುಚ್ಚುವುದೋ ಇಲ್ಲವೋ ಎಂದು ಕೆಲಸಗಾರರು ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವುದರೊಳಗೆ ಚಾಚಾ ಹೆಂಚನ್ನು ಎತ್ತಿಹಿಡಿದು ಕೂಗಿದ:

“ನನ್ನ ಗ್ವಾಡಿ ಹೋದ್ರ ಹೋತು! ನಾಳೆ ಎಲ್ಲಾರೂ ಕೆಲಸಕ್ಕ ಬರ್ರಿ. ಮಳಿ ಬರ್ಲಿ, ಬಿಡ್ಲಿ!”